ಒಂದೇ ಊರಿಗೆ ಎರಡು ಕಚೇರಿ

ಸ್ವಾತಂತ್ರ್ಯ ದಿನದಂದು ಬಾವುಟ ಹಾರಿಸಿ ಮಕ್ಕಳಿಗೆ ಮಿಠಾಯಿ ಹಂಚಲು ಆಂಧ್ರಪ್ರದೇಶದ ಸಣ್ಣ ಗ್ರಾಮ ಪಂಚಾಯಿತಿಗೆ ಗೊತ್ತುಮಾಡಿದ್ದ ಹಣ 100 ರೂಪಾಯಿ. ದೊಡ್ಡ ಪಂಚಾಯಿತಿಯಾದರೆ 250. ಮೂರು ದಶಕಕ್ಕೂ ಮಿಕ್ಕಿ ಈ ಅಂಕಿ ಅಲುಗಲಿಲ್ಲ. 2024ರಲ್ಲಿ ಉಪಮುಖ್ಯಮಂತ್ರಿಯಾಗಿ ಪಂಚಾಯತ್ ರಾಜ್ ಖಾತೆ ವಹಿಸಿಕೊಂಡ ಪವನ್ ಕಲ್ಯಾಣ್ ಆ ವರ್ಷದ ಆಗಸ್ಟ್ 15ಕ್ಕೆ ಮೊದಲು ಅದನ್ನು 10,000 ರೂಪಾಯಿಗೆ ಏರಿಸಿದರು. ಐದು ಸಾವಿರಕ್ಕಿಂತ ಹೆಚ್ಚು ಜನರಿರುವ ಪಂಚಾಯಿತಿಗೆ 25,000. ಏರಿಸಿದ್ದು ಒಳ್ಳೆಯ ಕೆಲಸ. ಆದರೆ ಊರಿನವರೇ ಓಟು ಹಾಕಿ ಕೂರಿಸಿದ ಸಂಸ್ಥೆ ಬಾವುಟದ ದಿನ ಎಷ್ಟು ಖರ್ಚು ಮಾಡಬೇಕೆಂಬುದನ್ನೂ ರಾಜಧಾನಿಯ ಆದೇಶ ಹೇಳಬೇಕಾಗಿ ಬಂದಿತ್ತಲ್ಲ, ಆಂಧ್ರದ ಗ್ರಾಮಾಡಳಿತದ ಕಷ್ಟವೆಲ್ಲ ಅಲ್ಲೇ ಇದೆ.

ಕೆಲಸಕ್ಕೆಂದು ವಿಶಾಖಪಟ್ಟಣಕ್ಕೋ ವಿಜಯವಾಡಕ್ಕೋ ಹೋಗಿ ನೆಲೆಸುವ ಕನ್ನಡಿಗರು ಬಾಡಿಗೆ ಕಡಿಮೆಯೆಂದು ಊರಂಚಿನಲ್ಲಿ ಮನೆ ಹಿಡಿಯುತ್ತಾರೆ. ವಿಳಾಸದಲ್ಲಿ ದೊಡ್ಡ ನಗರದ ಹೆಸರಿದ್ದರೂ ನಲ್ಲಿ ನೀರು, ಬೀದಿ ದೀಪ, ಮನೆ ಕಂದಾಯವೆಲ್ಲ ಗ್ರಾಮ ಪಂಚಾಯಿತಿಯದ್ದಾಗಿರಬಹುದು. ಪಂಚಾಯಿತಿ ಎಂದಮೇಲೆ ನಮ್ಮೂರಿನ ಹಾಗೇ ಇರುತ್ತದೆ ಎಂದುಕೊಂಡು ಹೋದವರಿಗೆ ಮೊದಲ ದಿನವೇ ಗೊಂದಲ. ಅಲ್ಲಿ ಎರಡು ಬೋರ್ಡುಗಳು ಕಾಣುತ್ತವೆ. ಒಂದು ಗ್ರಾಮ ಪಂಚಾಯಿತಿಯದು, ಇನ್ನೊಂದು ಗ್ರಾಮ ಸಚಿವಾಲಯದ್ದು. ಯಾವ ಕೆಲಸಕ್ಕೆ ಯಾವ ಬಾಗಿಲು ತಟ್ಟಬೇಕೆಂದು ತಿಳಿಯಲು ಈ ಎರಡೂ ಹುಟ್ಟಿದ ಬಗೆ ಗೊತ್ತಿರಬೇಕು.

ಪಂಚಾಯಿತಿ ಹಳೆಯದು. 73ನೇ ಸಂವಿಧಾನ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಮೇಲೆ ಕರ್ನಾಟಕ ಅದೇ ವರ್ಷ ತನ್ನ ಕಾಯ್ದೆ ಮಾಡಿತು, ಆಂಧ್ರ 1994ರಲ್ಲಿ. ಎರಡರಲ್ಲೂ ಮೂರು ಹಂತಗಳಿವೆ. ನಮ್ಮಲ್ಲಿ ತಾಲ್ಲೂಕು ಪಂಚಾಯಿತಿ ಇರುವ ಜಾಗದಲ್ಲಿ ಅಲ್ಲಿ ಮಂಡಲ ಪ್ರಜಾ ಪರಿಷತ್ತು ಇದೆ. ಆಗಿನ ಮುಖ್ಯಮಂತ್ರಿ ಎನ್.ಟಿ. ರಾಮರಾವ್ ಅವರು 1980ರ ದಶಕದ ನಡುವೆ ತಾಲ್ಲೂಕುಗಳನ್ನು ಒಡೆದು ಸಣ್ಣ ಸಣ್ಣ ಮಂಡಲಗಳನ್ನು ಮಾಡಿದರು. ಅಧಿಕಾರಿ ಜನರ ಹತ್ತಿರ ಬರಬೇಕು ಎಂಬುದು ಅವರ ಲೆಕ್ಕ. ಅದಕ್ಕೂ ಮೊದಲು, 1984ರ ಜನವರಿಯಲ್ಲಿ, ವಂಶಪಾರಂಪರ್ಯವಾಗಿ ಬಂದಿದ್ದ ಕರಣಂ, ಮುನಸಬು ಎಂಬ ಗ್ರಾಮಾಧಿಕಾರಿ ಹುದ್ದೆಗಳನ್ನು ರದ್ದು ಮಾಡಿದ್ದರು. ಅದೇ ಹೊತ್ತಿಗೆ ನಮ್ಮಲ್ಲಿ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಮಂಡಲ ಪಂಚಾಯಿತಿಗಳು ಬರುತ್ತಿದ್ದವು. ಹೆಸರಲ್ಲಿ ಮಂಡಲ ಎಂದಿದ್ದರೂ ನಮ್ಮದು ಕೆಲವು ಹಳ್ಳಿಗಳ ಕೂಟ. ಅವರದು ತಾಲ್ಲೂಕಿನ ಬದಲಿಗೆ ನಿಂತ ಘಟಕ. ಅಲ್ಲಿನ ಎಂಪಿಡಿಒ, ಅಂದರೆ ಮಂಡಲ ಪರಿಷತ್ ಅಭಿವೃದ್ಧಿ ಅಧಿಕಾರಿ, ನಮ್ಮ ತಾಲ್ಲೂಕು ಪಂಚಾಯಿತಿ ಇಒಗೆ ಸಮಾನ.

ಇನ್ನೊಂದು ದೊಡ್ಡ ವ್ಯತ್ಯಾಸ ಸರಪಂಚರದ್ದು. ನಮ್ಮಲ್ಲಿ ಪಂಚಾಯಿತಿ ಅಧ್ಯಕ್ಷರನ್ನು ಸದಸ್ಯರು ಆರಿಸುತ್ತಾರೆ, ಅವಧಿ ಮೂವತ್ತು ತಿಂಗಳು. ಆಂಧ್ರದಲ್ಲಿ ಸರಪಂಚರನ್ನು ಊರಿನ ಮತದಾರರೇ ನೇರವಾಗಿ ಐದು ವರ್ಷಕ್ಕೆ ಆರಿಸುತ್ತಾರೆ. ಅಷ್ಟು ದೊಡ್ಡ ಜನಾದೇಶ ಪಡೆದು ಬಂದವರ ಕೈಯಲ್ಲಿ ಎಷ್ಟು ಅಧಿಕಾರ ಉಳಿದಿದೆ ಎಂದು ನೋಡುವಾಗ ಎರಡನೇ ಕಚೇರಿಯ ಮಾತು ಬರುತ್ತದೆ.

ಸಚಿವಾಲಯ ಬಂದದ್ದು ಹೀಗೆ

2019ರ ಅಕ್ಟೋಬರ್ 2ರಂದು ಕಾಕಿನಾಡ ಬಳಿಯ ಕರಪದಲ್ಲಿ ಆಗಿನ ಮುಖ್ಯಮಂತ್ರಿ ವೈ.ಎಸ್. ಜಗನ್‌ಮೋಹನ ರೆಡ್ಡಿ ಗ್ರಾಮ ಸಚಿವಾಲಯ ಪದ್ಧತಿಯನ್ನು ಉದ್ಘಾಟಿಸಿದರು. ಹಳ್ಳಿಗಳಲ್ಲಿ ಸುಮಾರು ಎರಡು ಸಾವಿರ ಜನಸಂಖ್ಯೆಗೆ ಒಂದು; ಹಳ್ಳಿ, ಪಟ್ಟಣ ಸೇರಿ 15,004 ಸಚಿವಾಲಯಗಳು. ಪರೀಕ್ಷೆ ನಡೆಸಿ ಒಂದು ಲಕ್ಷಕ್ಕೂ ಹೆಚ್ಚು ಯುವಕ ಯುವತಿಯರನ್ನು ಸರ್ಕಾರಿ ನೌಕರಿಗೆ ತೆಗೆದುಕೊಂಡರು. ಕರ್ನಾಟಕದ ಹಳ್ಳಿಯಲ್ಲಿ ಪಿಡಿಒ, ಕಾರ್ಯದರ್ಶಿ, ಬಿಲ್ ಕಲೆಕ್ಟರ್, ನೀರುಗಂಟಿ ಇಷ್ಟೇ ಜನ ಓಡಾಡುವುದನ್ನು ಕಂಡವರಿಗೆ ಆ ಪಟ್ಟಿ ಕೇಳಿದರೆ ಬೆರಗಾಗುತ್ತದೆ: ಪಂಚಾಯಿತಿ ಕಾರ್ಯದರ್ಶಿ, ಗ್ರಾಮ ಕಂದಾಯಾಧಿಕಾರಿ, ಸರ್ವೇಯರ್, ಎಂಜಿನಿಯರಿಂಗ್ ಸಹಾಯಕ, ಡಿಜಿಟಲ್ ಸಹಾಯಕ, ಕೃಷಿ ಅಥವಾ ತೋಟಗಾರಿಕೆ ಸಹಾಯಕ, ಪಶುಸಂಗೋಪನಾ ಸಹಾಯಕ, ಕಲ್ಯಾಣ ಮತ್ತು ಶಿಕ್ಷಣ ಸಹಾಯಕ, ವಿದ್ಯುತ್ ಸಹಾಯಕ, ಎಎನ್‌ಎಂ, ಮಹಿಳಾ ಪೊಲೀಸ್. ಜಾತಿ ಪ್ರಮಾಣಪತ್ರ, ಪಹಣಿ, ಪಡಿತರ ಚೀಟಿಗೆ ಮಂಡಲ ಕೇಂದ್ರಕ್ಕೆ ಬಸ್ಸು ಹತ್ತಿ ಕೂಲಿ ಕಳೆದುಕೊಳ್ಳುತ್ತಿದ್ದವರಿಗೆ ಇದು ನಿಜವಾದ ಉಪಕಾರ. ಅದನ್ನು ಮನಸಾರೆ ಒಪ್ಪಬೇಕು. ಕೇಂದ್ರದಿಂದ ರಾಜ್ಯಗಳವರೆಗೆ ಎಲ್ಲರೂ ಹಳ್ಳಿಗೆ ಯೋಜನೆಗಳನ್ನು ಕಳಿಸುತ್ತಾರೆ, ನೌಕರರನ್ನು ಕಳಿಸುವವರು ಕಡಿಮೆ.

ಇದರ ಜತೆಗೆ, ಅದೇ ವರ್ಷದ ಆಗಸ್ಟ್ 15ರಂದು ವಿಜಯವಾಡದಲ್ಲಿ ಸ್ವಯಂಸೇವಕರ ವ್ಯವಸ್ಥೆಗೂ ಚಾಲನೆ ಸಿಕ್ಕಿತ್ತು. ಐವತ್ತು ಮನೆಗೆ ಒಬ್ಬ ವಾಲಂಟಿಯರ್, ತಿಂಗಳಿಗೆ 5,000 ರೂಪಾಯಿ ಗೌರವಧನ. ತಿಂಗಳ ಮೊದಲ ದಿನ ಬೆಳಕು ಹರಿಯುವ ಮುಂಚೆ ವೃದ್ಧರ ಬಾಗಿಲಲ್ಲಿ ನಿಂತು ಹೆಬ್ಬೆರಳು ಒತ್ತಿಸಿಕೊಂಡು ಪಿಂಚಣಿ ಎಣಿಸಿಕೊಡುವುದು ಅವರ ಮುಖ್ಯ ಕೆಲಸವಾಗಿತ್ತು. 2024ರ ಚುನಾವಣೆಯ ಹೊತ್ತಿಗೆ ಚುನಾವಣಾ ಆಯೋಗ ಅವರನ್ನು ಪಿಂಚಣಿ ಹಂಚಿಕೆಯಿಂದ ದೂರ ಇರಿಸಿತು. ಸರ್ಕಾರ ಬದಲಾದ ಮೇಲೆ ಜುಲೈ 1ರಂದು ಸಚಿವಾಲಯದ ಸಿಬ್ಬಂದಿಯೇ ಸುಮಾರು 65 ಲಕ್ಷ ಜನರಿಗೆ ಮನೆ ಬಾಗಿಲಲ್ಲಿ ಪಿಂಚಣಿ ಕೊಟ್ಟರು. ವಾಲಂಟಿಯರ್ ಇಲ್ಲದೆ ಕೆಲಸ ನಿಲ್ಲುತ್ತದೆ ಎಂಬ ಮಾತು ಸುಳ್ಳಾಯಿತು. ಕಾಯಂ ನೌಕರ ಹಳ್ಳಿಯಲ್ಲಿ ಇದ್ದುದರಿಂದಲೇ ಅದು ಸುಳ್ಳಾದದ್ದು ಎಂಬುದನ್ನೂ ಮರೆಯಬಾರದು.

ತೊಡಕು ಇರುವುದು ಬೇರೆ ಕಡೆ. ಈ ಹತ್ತಾರು ನೌಕರರು ಯಾರಿಗೆ ಉತ್ತರ ಹೇಳಬೇಕು? ಕೃಷಿ ಸಹಾಯಕ ಕೃಷಿ ಇಲಾಖೆಯವನು, ಎಎನ್‌ಎಂ ಆರೋಗ್ಯ ಇಲಾಖೆಯವಳು, ಕಂದಾಯಾಧಿಕಾರಿ ತಹಶೀಲ್ದಾರರ ಕೈಕೆಳಗಿನವನು. ರಜೆ ಮಂಜೂರಿ, ವರ್ಗಾವಣೆ, ಸಂಬಳ ಯಾವುದೂ ಸರಪಂಚರ ಕೈಯಲ್ಲಿಲ್ಲ. ಹೊಸ ಸರಪಂಚರು ಗದ್ದುಗೆ ಏರುವ ಹೊತ್ತಿಗೆ ಸರಿಯಾಗಿ, 2021ರ ಮಾರ್ಚ್‌ನಲ್ಲಿ ಹೊರಟ ಒಂದು ಆದೇಶ ಸಚಿವಾಲಯದ ಉಸ್ತುವಾರಿಯನ್ನು ಗ್ರಾಮ ಕಂದಾಯಾಧಿಕಾರಿಗೆ ಒಪ್ಪಿಸಿತು. ಚುನಾಯಿತರ ಅಧಿಕಾರವನ್ನು ಕಿತ್ತುಕೊಂಡಂತಾಯಿತೆಂದು ದೂರು ಹೋಯಿತು, ಕೆಲವೇ ತಿಂಗಳಲ್ಲಿ ಹೈಕೋರ್ಟ್ ಆ ಆದೇಶವನ್ನು ಅಮಾನತಿನಲ್ಲಿ ಇರಿಸಿತು. ಅದಕ್ಕೂ ಮೊದಲು ಪಂಚಾಯಿತಿ ಕಟ್ಟಡಗಳಿಗೆ ಆಳುವ ಪಕ್ಷದ ಬಣ್ಣ ಬಳಿದ ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಗಿ, 2020ರಲ್ಲಿ ಆ ಬಣ್ಣವನ್ನು ಅಳಿಸಬೇಕಾಗಿ ಬಂದಿತ್ತು. ಪಂಚಾಯಿತಿಯ ಗೋಡೆ ಯಾರದು ಎಂಬುದನ್ನು ಕೂಡ ನ್ಯಾಯಾಲಯ ಹೇಳಬೇಕಾಯಿತು.

ನನ್ನ ಅಭಿಪ್ರಾಯ ಇಷ್ಟು: ಸಚಿವಾಲಯ ಬೇಕು, ಅದು ಪಂಚಾಯಿತಿಯ ಕೆಳಗೆ ಬೇಕು. ಆಡಳಿತವನ್ನು ಮನೆ ಬಾಗಿಲಿಗೆ ತಂದರೆ ಸೇವೆ ಸಿಗುತ್ತದೆ. ಊರಿನ ಕೆರೆ ಮೊದಲೋ ರಸ್ತೆ ಮೊದಲೋ ಎಂದು ತೀರ್ಮಾನಿಸುವ ಹಕ್ಕು ಮಾತ್ರ ಊರಿನವರ ಕೈಗೆ ಬಂದಾಗಲೇ ಅಭಿವೃದ್ಧಿ ಅವರದಾಗುತ್ತದೆ.

ಒಂದು ಸಿ.ಸಿ. ರಸ್ತೆ ಹುಟ್ಟುವ ದಾರಿ

ವಿಜಯವಾಡದಿಂದ ಮಚಲಿಪಟ್ಟಣದ ಕಡೆ ಹೊರಟರೆ ಸಿಗುವ ಊರು ಕಂಕಿಪಾಡು. 2024ರ ಅಕ್ಟೋಬರ್ 14ರಂದು ‘ಪಲ್ಲೆ ಪಂಡುಗ’ ಎಂಬ ಕಾರ್ಯಕ್ರಮ ಶುರುವಾದದ್ದು ಇಲ್ಲಿ. ಅದರ ಬೇರು ಆಗಸ್ಟ್ 23ರ ಗ್ರಾಮಸಭೆಗಳಲ್ಲಿತ್ತು. ಅಂದು ಒಂದೇ ದಿನ ರಾಜ್ಯದ 13,326 ಪಂಚಾಯಿತಿಗಳಲ್ಲಿ ಗ್ರಾಮಸಭೆಗಳು ಸೇರಿ ಉದ್ಯೋಗ ಖಾತರಿಯ ಕೆಲಸಗಳ ಪಟ್ಟಿಗೆ ಒಪ್ಪಿಗೆ ಕೊಟ್ಟವು. ಸುಮಾರು 30,000 ಕಾಮಗಾರಿ, 4,500 ಕೋಟಿ ರೂಪಾಯಿ.

ಓದುಗರಿಗೆ ಉಪಯೋಗವಾಗುವುದು ಈ ದೊಡ್ಡ ಅಂಕಿಗಿಂತ ಅದರ ಹಿಂದಿನ ಯಂತ್ರ. ಬೀದಿಯವರು ಗ್ರಾಮಸಭೆಯಲ್ಲಿ ರಸ್ತೆ ಬೇಕೆಂದು ಕೇಳುತ್ತಾರೆ. ನಿರ್ಣಯ ಪುಸ್ತಕದಲ್ಲಿ ಅದು ಬರಹಕ್ಕೆ ಇಳಿಯಬೇಕು, ಬಾಯಿಮಾತಿಗೆ ಬೆಲೆಯಿಲ್ಲ. ಎಂಜಿನಿಯರಿಂಗ್ ಸಹಾಯಕ ಟೇಪು ಹಿಡಿದು ಉದ್ದಗಲ ಅಳೆದು ಅಂದಾಜು ಪಟ್ಟಿ ಮಾಡುತ್ತಾನೆ. ಅದು ಪಂಚಾಯತ್ ರಾಜ್ ಎಂಜಿನಿಯರರ ತಾಂತ್ರಿಕ ಮಂಜೂರಾತಿಗೂ, ಆ ಬಳಿಕ ಜಿಲ್ಲೆಯ ಆಡಳಿತಾತ್ಮಕ ಮಂಜೂರಾತಿಗೂ ಹೋಗುತ್ತದೆ. ಕೆಲಸ ಮುಗಿದ ಮೇಲೆ ಅಳತೆ ಪುಸ್ತಕ ತುಂಬಿ ಬಿಲ್ ಏರುತ್ತದೆ. ಎಲ್ಲಾದರೂ ಒಂದು ಕಡೆ ಕಾಗದ ನಿಂತರೆ ರಸ್ತೆಯೂ ನಿಲ್ಲುತ್ತದೆ. ನಮ್ಮ ರಸ್ತೆ ಯಾಕೆ ಆಗಲಿಲ್ಲ ಎಂದು ಕೇಳುವವರು ಕಡತ ಈ ಹಂತಗಳಲ್ಲಿ ಎಲ್ಲಿ ಕೂತಿದೆ ಎಂದು ಕೇಳಿದರೆ ಉತ್ತರ ಬೇಗ ಸಿಗುತ್ತದೆ.

ಉದ್ಯೋಗ ಖಾತರಿಯ ಹಣದಲ್ಲಿ ಕಾಂಕ್ರೀಟ್ ರಸ್ತೆ ಬರುವುದು ಹೇಗೆ ಎಂಬುದು ಹಲವರಿಗೆ ತಿಳಿಯದ ಸಂಗತಿ. ಆ ಯೋಜನೆಯಲ್ಲಿ 2024ರಲ್ಲಿದ್ದ ನಿಯಮದಂತೆ ಖರ್ಚಿನ ಕನಿಷ್ಠ 60 ಪಾಲು ಕೂಲಿಗೆ ಹೋಗಬೇಕಿತ್ತು, 40 ಪಾಲಿನವರೆಗೆ ಸಾಮಗ್ರಿಗೆ ಬಳಸಬಹುದಿತ್ತು. ಬೇಸಿಗೆಯ ಬಿಸಿಲಲ್ಲಿ ಹೆಣ್ಣುಮಕ್ಕಳು ಕೃಷಿಹೊಂಡ ತೋಡಿ, ಕಾಲುವೆ ಹೂಳೆತ್ತಿ ಸಂಪಾದಿಸಿದ ಕೂಲಿಯ ಲೆಕ್ಕದ ಮೇಲೆಯೇ ಸಿಮೆಂಟಿನ ಪಾಲು ಬೆಳೆಯುತ್ತದೆ. ಊರಿನ ರಸ್ತೆಯ ಕಲ್ಲುಫಲಕದಲ್ಲಿ ನಾಯಕರ ಹೆಸರಿರುತ್ತದೆ. ಆ ರಸ್ತೆಗೆ ದಾರಿ ಮಾಡಿದ್ದು ಗುದ್ದಲಿ ಹಿಡಿದವರ ದಿನಗಳು. ಈ ಯೋಜನೆ 2006ರ ಫೆಬ್ರುವರಿ 2ರಂದು ಶುರುವಾದದ್ದೂ ನಮ್ಮ ಗಡಿಗೆ ಹತ್ತಿರದ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ. ಹಾಜರಿ ಪಟ್ಟಿಯನ್ನು ಊರ ನಡುವೆ ಗಟ್ಟಿಯಾಗಿ ಓದಿ, ಈ ಹೆಸರಿನವರು ನಿಜವಾಗಿ ಕೆಲಸ ಮಾಡಿದರೆ ಎಂದು ಕೇಳುವ ಸಾಮಾಜಿಕ ಲೆಕ್ಕಪರಿಶೋಧನೆಯನ್ನು ರಾಜ್ಯದಾದ್ಯಂತ ಗಟ್ಟಿಯಾಗಿ ನಡೆಸಿ ತೋರಿಸಿದ್ದು ಕೂಡ ಅವಿಭಜಿತ ಆಂಧ್ರವೇ. ಈ ಒಂದು ವಿಷಯದಲ್ಲಿ ಬೇರೆ ರಾಜ್ಯಗಳು ಅದರಿಂದ ಕಲಿತವು.

ಹಣ ಬರುವುದು ಎಲ್ಲಿಂದ, ಹೋಗುವುದು ಎಲ್ಲಿಗೆ

ಪಂಚಾಯಿತಿಗೆ ಸ್ವಂತ ಆದಾಯವಿದೆ: ಮನೆ ಕಂದಾಯ, ನೀರಿನ ಕರ, ಜಾಹೀರಾತು ತೆರಿಗೆ, ಸಂತೆ ಹರಾಜು, ಆಸ್ತಿ ನೋಂದಣಿಯಾದಾಗ ಬರುವ ಸ್ಟ್ಯಾಂಪ್ ಶುಲ್ಕದ ಪಾಲು, ಕ್ವಾರಿ ಇದ್ದರೆ ಖನಿಜ ರಾಜಧನದ ಪಾಲು. ವಿಶಾಖಪಟ್ಟಣದ ಮಗ್ಗುಲಿನ ಆನಂದಪುರಂ, ಪೆಂದುರ್ತಿ ಕಡೆ ಸೈಟುಗಳ ಮಾರಾಟ ಜೋರು, ಆದ್ದರಿಂದ ನೋಂದಣಿಯ ಪಾಲಿಗೆ ತೂಕವಿದೆ. ಮಳೆಯಾಧಾರದ ಒಳನಾಡಿನ ಪಂಚಾಯಿತಿಗೆ ಆ ಭಾಗ್ಯವಿಲ್ಲ. ಅದು ಬದುಕುವುದು ಹಣಕಾಸು ಆಯೋಗದ ಅನುದಾನದ ಮೇಲೆ.

ಈ ಅನುದಾನಕ್ಕೆ ಕಟ್ಟುಪಾಡುಗಳಿವೆ. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಲೆಕ್ಕದಲ್ಲಿ 60 ಪಾಲು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು, ಉಳಿದ 40 ಪಾಲು ಊರಿನ ಅಗತ್ಯಕ್ಕೆ. ಅದರಲ್ಲೂ ಸಂಬಳ ಕೊಡುವಂತಿರಲಿಲ್ಲ. ಖರ್ಚು ಮಾಡುವಾಗ ಕಾರ್ಯದರ್ಶಿ ಮತ್ತು ಸರಪಂಚರಿಬ್ಬರ ಡಿಜಿಟಲ್ ಸಹಿ ಬೇಕು. ಇ-ಗ್ರಾಮ್‌ಸ್ವರಾಜ್ ಜಾಲತಾಣದಲ್ಲಿ ಯಾರು ಬೇಕಾದರೂ ತಮ್ಮ ಪಂಚಾಯಿತಿಯ ಹೆಸರು ಆರಿಸಿ ಆ ವರ್ಷದ ಯೋಜನೆ, ಪಾವತಿಯ ವೋಚರ್ ನೋಡಬಹುದು. ಗ್ರಾಮಸಭೆಗೆ ಹೋಗುವ ಮುನ್ನ ಹತ್ತು ನಿಮಿಷ ಇದನ್ನು ನೋಡಿಕೊಂಡು ಹೋದವರ ಪ್ರಶ್ನೆಗೆ ಬೇರೆಯೇ ಬಲ ಇರುತ್ತದೆ.

ಆದರೂ 2021ರ ಕೊನೆಯ ತಿಂಗಳುಗಳಲ್ಲಿ ಆಂಧ್ರದ ಸರಪಂಚರು ಖಾತೆ ನೋಡಿ ದಂಗಾದರು. ಬೀದಿ ದೀಪ, ನೀರಿನ ಮೋಟರುಗಳ ಹಳೆಯ ವಿದ್ಯುತ್ ಬಾಕಿಗೆಂದು ಹಣಕಾಸು ಆಯೋಗದ ಹಣವನ್ನು ಮೇಲಿನಿಂದಲೇ ಹೊಂದಿಸಿಕೊಳ್ಳಲಾಗಿತ್ತು. ಬಾಕಿ ಇದ್ದದ್ದು ನಿಜ. ಕರೆಂಟು ಬಿಲ್ಲು ಪಂಚಾಯಿತಿಯ ಅತಿ ದೊಡ್ಡ ಖರ್ಚುಗಳಲ್ಲೊಂದು, ಅದನ್ನು ವರ್ಷಗಟ್ಟಲೆ ಕಟ್ಟದೆ ಬಿಡುವುದು ಎಲ್ಲ ರಾಜ್ಯದ ರೋಗ. ಆದರೆ ಸರಪಂಚರನ್ನು ಕೇಳದೆ ಅವರ ಖಾತೆಯಿಂದ ಹಣ ಸರಿದರೆ ಆ ಎರಡು ಸಹಿಗಳಿಗೆ ಅರ್ಥವೇನು? ಸರಪಂಚರು ಪಕ್ಷಭೇದವಿಲ್ಲದೆ ಬೀದಿಗಿಳಿದರು. ಅವರ ಸಿಟ್ಟಿನಲ್ಲಿ ನ್ಯಾಯವಿತ್ತು.

ನಗರದ ಮಗ್ಗುಲಲ್ಲಿ

ವಿಜಯವಾಡಕ್ಕೆ ಅಂಟಿಕೊಂಡ ರಾಮವರಪ್ಪಾಡು, ಪ್ರಸಾದಂಪಾಡು, ಗೊಲ್ಲಪೂಡಿಗಳಲ್ಲಿ ನಡೆದರೆ ಹಳ್ಳಿ ಎಂದು ಯಾರೂ ಹೇಳುವುದಿಲ್ಲ. ಅಪಾರ್ಟ್‌ಮೆಂಟ್, ಶೋರೂಮು, ಸಗಟು ಅಂಗಡಿಗಳ ಸಾಲು. ಆಳುತ್ತ ಬಂದದ್ದು ಮಾತ್ರ ಪಂಚಾಯಿತಿ. ಪಕ್ಕದ ಕಾನೂರು, ಪೋರಂಕಿ, ಯನಮಲಕುದುರು, ತಾಡಿಗಡಪಗಳು 2020ರಲ್ಲಿ ಒಂದೇ ಪುರಸಭೆಯಾದವು. ಪಂಚಾಯಿತಿಯಾಗಿ ಉಳಿದ ಊರಿಗೆ ತೆರಿಗೆ ಹಗುರ, ಆದರೆ ಒಳಚರಂಡಿ, ಕಸ ವಿಲೇವಾರಿಯಂತಹ ನಗರದ ಭಾರ ಹೊರುವ ಸಿಬ್ಬಂದಿ ಇರುವುದಿಲ್ಲ. ಬಡಾವಣೆಗೆ ಅನುಮತಿ ಕೊಡುವಲ್ಲಿ ವಿಜಯವಾಡದ ಸುತ್ತ ಸಿಆರ್‌ಡಿಎ, ವಿಶಾಖಪಟ್ಟಣದ ಸುತ್ತ ವಿಎಂಆರ್‌ಡಿಎ ಎಂಬ ಅಭಿವೃದ್ಧಿ ಪ್ರಾಧಿಕಾರಗಳು ಮುಖ್ಯ. ಆದ್ದರಿಂದ ಇಲ್ಲಿ ಸೈಟು ಕೊಳ್ಳುವವರು ಪಂಚಾಯಿತಿಯ ರಸೀದಿ ಒಂದನ್ನೇ ನಂಬಬಾರದು. ಪ್ರಾಧಿಕಾರದ ಅನುಮೋದಿತ ನಕ್ಷೆ ಇಲ್ಲದ ಬಡಾವಣೆಗೆ ಮುಂದೆ ನೀರು, ರಸ್ತೆ ಕೇಳುವಾಗ ಪಂಚಾಯಿತಿಯೂ ಕೈ ಚೆಲ್ಲುತ್ತದೆ.

2022ರ ಏಪ್ರಿಲ್ 4ರಂದು ಜಿಲ್ಲೆಗಳು ಒಡೆದವು. ವಿಶಾಖಪಟ್ಟಣದಿಂದ ಅನಕಾಪಲ್ಲಿ ಬೇರೆಯಾಯಿತು, ಬೆಟ್ಟದ ಸೀಮೆ ಪಾಡೇರು ಕೇಂದ್ರವಾಗಿ ಅಲ್ಲೂರಿ ಸೀತಾರಾಮರಾಜು ಜಿಲ್ಲೆಗೆ ಸೇರಿತು. ವಿಜಯವಾಡ ಎನ್‌ಟಿಆರ್ ಜಿಲ್ಲೆಯ ಕೇಂದ್ರವಾಯಿತು. ಆದರೆ 2021ರಲ್ಲಿ ಆರಿಸಿ ಬಂದ ಜಿಲ್ಲಾ ಪರಿಷತ್ತುಗಳು ಹಳೆಯ ಜಿಲ್ಲೆಗಳ ಲೆಕ್ಕದಲ್ಲೇ ಮುಂದುವರಿದವು. ಹೀಗಾಗಿ ಪಾಡೇರಿನ ಬೆಟ್ಟದ ಮಂಡಲದವರಿಗೆ ಕಲೆಕ್ಟರ್ ಪಾಡೇರಿನಲ್ಲಿ, ಜಿಲ್ಲಾ ಪರಿಷತ್ತು ವಿಶಾಖಪಟ್ಟಣದಲ್ಲಿ. ವಿಜಯವಾಡದ ಹಳ್ಳಿಗಳಿಗೆ ಜಿಲ್ಲಾ ಪರಿಷತ್ತು ಮಚಲಿಪಟ್ಟಣದಲ್ಲಿ. ಅರ್ಜಿ ಬರೆಯುವವರು ಇದನ್ನು ಗಮನಿಸಬೇಕು.

ಗ್ರಾಮಸಭೆ ಬೇಡ ಎಂದಾಗ

ಅಭಿವೃದ್ಧಿ ಎಂದರೆ ಬೇಕು ಎನ್ನುವುದಷ್ಟೇ ಎಂದು ನಾವು ತಿಳಿದುಕೊಂಡಿದ್ದೇವೆ. ಬೇಡ ಎನ್ನುವ ಅಧಿಕಾರ ಅದಕ್ಕಿಂತ ದೊಡ್ಡದು. ಅದಕ್ಕೆ ದೇಶದಲ್ಲೇ ಹೆಸರಾದ ಪ್ರಕರಣ ವಿಶಾಖಪಟ್ಟಣದ ಬೆಟ್ಟದಿಂದ ಬಂದದ್ದು. ಬೊರ್ರಾ ಗುಹೆಗಳನ್ನು ನೋಡಲು ಅರಕು ರೈಲು ಹತ್ತಿದವರು ಅನಂತಗಿರಿ ಮಂಡಲವನ್ನು ದಾಟಿರುತ್ತಾರೆ. ಅಲ್ಲಿನ ನಿಮ್ಮಲಪಾಡು ಸುತ್ತಮುತ್ತ ಗಿರಿಜನರ ಜಮೀನನ್ನು ಸರ್ಕಾರ ಗಣಿಗಾರಿಕೆಗೆ ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟಿತ್ತು. ‘ಸಮತಾ’ ಎಂಬ ಸಂಸ್ಥೆ ನ್ಯಾಯಾಲಯಕ್ಕೆ ಹೋಯಿತು. 1997ರ ಜುಲೈ 11ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ಪರಿಶಿಷ್ಟ ಪ್ರದೇಶದಲ್ಲಿ ಗಿರಿಜನರಲ್ಲದವರಿಗೆ ಭೂಮಿ ಪರಭಾರೆಯಾಗಕೂಡದೆಂಬ ಕಾನೂನು ಸರ್ಕಾರಕ್ಕೂ ಅನ್ವಯಿಸುತ್ತದೆ, ಅಲ್ಲಿನ ಸರ್ಕಾರಿ ಭೂಮಿಯನ್ನೂ ಖಾಸಗಿ ಕಂಪನಿಗೆ ಗುತ್ತಿಗೆ ಕೊಡುವಂತಿಲ್ಲ. ಅದರ ಹಿಂದಿನ ವರ್ಷ, 1996ರಲ್ಲಿ, ಸಂಸತ್ತು ಪೆಸಾ ಕಾಯ್ದೆ ತಂದು ಇಂತಹ ಪ್ರದೇಶಗಳ ಗ್ರಾಮಸಭೆಗೆ ವಿಶೇಷ ಅಧಿಕಾರ ಕೊಟ್ಟಿತ್ತು. ಆಂಧ್ರದ ನಿಯಮಗಳು ಬರಲು 2011ರವರೆಗೆ ಕಾಯಬೇಕಾಯಿತು.

ಇದೇ ಬೆಟ್ಟಗಳಲ್ಲಿ ಹೆರಿಗೆ ನೋವಿನ ಹೆಂಗಸನ್ನು ಬಿದಿರ ಬೊಂಬಿಗೆ ಬಟ್ಟೆ ಕಟ್ಟಿ, ಡೋಲಿಯಲ್ಲಿ ಹೊತ್ತು ಕಿಲೋಮೀಟರುಗಟ್ಟಲೆ ನಡೆಯುವ ಸುದ್ದಿ ಇನ್ನೂ ಬರುತ್ತಿರುತ್ತದೆ. ಒಂದೊಂದು ಪಂಚಾಯಿತಿಯಲ್ಲೂ ದೂರ ದೂರ ಚದುರಿದ ಹಾಡಿಗಳಿರುತ್ತವೆ. ಇಷ್ಟು ಉದ್ದದ ರಸ್ತೆ ಹಾಕುವ ಶಕ್ತಿ ಪಂಚಾಯಿತಿಗಿಲ್ಲ. ಇಲ್ಲಿ ಪಾಡೇರಿನ ಸಮಗ್ರ ಗಿರಿಜನ ಅಭಿವೃದ್ಧಿ ಸಂಸ್ಥೆ, ರಾಜ್ಯ, ಕೇಂದ್ರ ಮೂವರೂ ಬರಬೇಕು. 2025ರ ಏಪ್ರಿಲ್‌ನಲ್ಲಿ ಡುಂಬ್ರಿಗೂಡ ಮಂಡಲದ ಪೆದಪಾಡಿನಲ್ಲಿ ‘ಅಡವಿ ತಲ್ಲಿ ಬಾಟ’ ಎಂಬ ಗಿರಿಜನ ರಸ್ತೆ ಯೋಜನೆಗೆ ಶಂಕುಸ್ಥಾಪನೆಯಾಯಿತು. ಅದು ಮುಗಿಯುವ ದಿನಕ್ಕಾಗಿ ಕಾಯುವವರು ಎಣಿಸುವುದು ಕೋಟಿಗಳನ್ನಲ್ಲ, ಆಂಬುಲೆನ್ಸ್ ಎಲ್ಲಿಯವರೆಗೆ ಬಂತು ಎಂಬುದನ್ನು.

ಬಯಲಿನಲ್ಲೂ ಗ್ರಾಮಸಭೆ ಬೇಡ ಎಂದ ಉದಾಹರಣೆ ವಿಜಯವಾಡದಿಂದ ಕೃಷ್ಣಾ ನದಿ ದಾಟಿದರೆ ಸಿಗುತ್ತದೆ. ರಾಜಧಾನಿಗೆಂದು ಭೂಮಿ ಕೊಟ್ಟ ಅಮರಾವತಿಯ 29 ಹಳ್ಳಿಗಳಲ್ಲಿ 19ನ್ನು ಮಾತ್ರ ಸೇರಿಸಿ ನಗರಪಾಲಿಕೆ ಮಾಡುವ ಪ್ರಸ್ತಾವವನ್ನು 2022ರ ಜನವರಿಯಲ್ಲಿ ಆ ಊರುಗಳ ಗ್ರಾಮಸಭೆಗಳು ತಿರಸ್ಕರಿಸಿದವು. ಮಾಡಿದರೆ ಎಲ್ಲ ಹಳ್ಳಿಗಳನ್ನೂ ಸೇರಿಸಿ ಎಂಬುದು ಅವರ ಪಟ್ಟು. ಆ ಪಾಲಿಕೆ ಆಗಲಿಲ್ಲ.

ಚುನಾವಣೆ ತಪ್ಪಿದರೆ

ಆಂಧ್ರದಲ್ಲಿ ಪಂಚಾಯಿತಿಗಳ ಅವಧಿ 2018ರ ಆಗಸ್ಟ್‌ನಲ್ಲಿ ಮುಗಿದರೂ ಮುಂದಿನ ಚುನಾವಣೆ ನಡೆದದ್ದು 2021ರ ಫೆಬ್ರುವರಿಯಲ್ಲಿ, ನಾಲ್ಕು ಹಂತಗಳಲ್ಲಿ. ಅದೂ ರಾಜ್ಯ ಚುನಾವಣಾ ಆಯುಕ್ತ ನಿಮ್ಮಗಡ್ಡ ರಮೇಶ್ ಕುಮಾರ್ ಮತ್ತು ಸರ್ಕಾರದ ನಡುವಿನ ಜಟಾಪಟಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿ ಇಳಿದ ಮೇಲೆ. ನಡುವಿನ ಎರಡೂವರೆ ವರ್ಷ ವಿಶೇಷಾಧಿಕಾರಿಗಳ ಆಡಳಿತ. ಚುನಾಯಿತ ಮಂಡಳಿ ಇಲ್ಲದ ಪಂಚಾಯಿತಿಗೆ ಹಣಕಾಸು ಆಯೋಗದ ಅನುದಾನವೂ ನಿಲ್ಲುತ್ತದೆ. ಚುನಾವಣೆ ಮುಂದೂಡುವವರು ಊರಿನ ಓಟಿನ ಜತೆಗೆ ನಲ್ಲಿಯನ್ನೂ ಕಟ್ಟಿಹಾಕುತ್ತಾರೆ. ಈ ವಿಷಯದಲ್ಲಿ ನಾವು ಆಂಧ್ರಕ್ಕೆ ಬುದ್ಧಿ ಹೇಳುವ ಸ್ಥಿತಿಯಲ್ಲಿಲ್ಲ. ಕರ್ನಾಟಕದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು, ವರ್ಷಗಟ್ಟಲೆ ಚುನಾವಣೆ ಇಲ್ಲದೆ ಅಧಿಕಾರಿಗಳೇ ನಡೆಸಿದ್ದಾರೆ.

ಅವಿರೋಧ ಆಯ್ಕೆಗೆ ಬಹುಮಾನ ಕೊಡುವ ಪದ್ಧತಿಯೂ ನನಗೆ ಸರಿ ಕಾಣುವುದಿಲ್ಲ. 2021ರಲ್ಲಿ ಎರಡು ಸಾವಿರ ಜನಸಂಖ್ಯೆಯವರೆಗಿನ ಊರಿಗೆ 5 ಲಕ್ಷ, ಹತ್ತು ಸಾವಿರ ಮೀರಿದ ಊರಿಗೆ 20 ಲಕ್ಷ ರೂಪಾಯಿ ಘೋಷಿಸಿದ್ದರು. ಊರು ಒಗ್ಗಟ್ಟಾಗಿರಲಿ ಎಂಬ ಆಸೆ ಒಳ್ಳೆಯದು. ಆದರೆ ಮೀಸಲು ಕ್ಷೇತ್ರದಲ್ಲಿ ಮೊದಲ ಬಾರಿ ನಾಮಪತ್ರ ಹಾಕಲು ಬಂದ ಬಡ ಹೆಣ್ಣುಮಗಳಿಗೆ, ನಿನ್ನಿಂದ ಊರಿಗೆ ಇಷ್ಟು ಲಕ್ಷ ನಷ್ಟ ಎಂದು ಹೇಳಿ ಹಿಂದಕ್ಕೆ ಕಳಿಸಲು ದೊಡ್ಡವರಿಗೆ ಅದೊಂದು ನೆಪವಾಗುತ್ತದೆ. ಇಬ್ಬರಿಗಿಂತ ಹೆಚ್ಚು ಮಕ್ಕಳಿರುವವರು ಸ್ಪರ್ಧಿಸಬಾರದೆಂಬ ಹಳೆಯ ನಿರ್ಬಂಧವನ್ನು 2024ರ ನವೆಂಬರ್‌ನಲ್ಲಿ ವಿಧಾನಸಭೆ ತೆಗೆದುಹಾಕಿದ್ದು ಮಾತ್ರ ಸ್ವಾಗತಾರ್ಹ.

ಯಾವ ಕೆಲಸಕ್ಕೆ ಯಾವ ಬಾಗಿಲು

ನಲ್ಲಿ, ಬೀದಿ ದೀಪ, ಚರಂಡಿ, ಕಸ, ಮನೆ ಕಂದಾಯ ಪಂಚಾಯಿತಿಯ ಕೆಲಸ. ಸರಪಂಚರಿಗೂ ಕಾರ್ಯದರ್ಶಿಗೂ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಆದಾಯ ಪ್ರಮಾಣಪತ್ರ, ಪಡಿತರ ಚೀಟಿ, ಪಿಂಚಣಿ, ಜಮೀನಿನ ದಾಖಲೆಗೆ ಸಚಿವಾಲಯದ ಡಿಜಿಟಲ್ ಸಹಾಯಕರ ಬಳಿ ಹೋಗಬೇಕು. ಅರ್ಜಿ ಸಂಖ್ಯೆಯ ರಸೀದಿ ಇಲ್ಲದೆ ಹೊರಗೆ ಬರಬಾರದು. 2025ರ ಜನವರಿ 30ರಂದು ಶುರುವಾದ ‘ಮನ ಮಿತ್ರ’ ವಾಟ್ಸ್ಆ್ಯಪ್ ಸೇವೆಯಲ್ಲೂ ಇವುಗಳಲ್ಲಿ ಹಲವು ಸಿಗುತ್ತವೆ. ಎರಡೂ ಕಡೆ ಕೆಲಸವಾಗದಿದ್ದರೆ ಮಂಡಲದಲ್ಲಿ ಎಂಪಿಡಿಒ, ಅದರ ಮೇಲೆ ಸೋಮವಾರಗಳಂದು ಕಲೆಕ್ಟರ್ ಕಚೇರಿಯಲ್ಲಿ ನಡೆಯುವ ಅಹವಾಲು ಸಭೆ.

ರಸ್ತೆ, ಕೆರೆ, ಸ್ಮಶಾನ, ಅಂಗನವಾಡಿಯಂತಹ ಊರೊಟ್ಟಿನ ಬೇಡಿಕೆಗೆ ದಾರಿ ಒಂದೇ, ಗ್ರಾಮಸಭೆ. ಗ್ರಾಮಸಭೆಯ ಸದಸ್ಯತ್ವ ಬರುವುದು ಆ ಊರಿನ ಮತದಾರರ ಪಟ್ಟಿಯಿಂದ. ಆನಂದಪುರಂನಲ್ಲೋ ಗೊಲ್ಲಪೂಡಿಯಲ್ಲೋ ಹತ್ತು ವರ್ಷ ಬಾಳಿ, ಕಂದಾಯ ಕಟ್ಟುತ್ತಾ, ಹೆಸರನ್ನು ಮಾತ್ರ ಹುಬ್ಬಳ್ಳಿಯದೋ ಮೈಸೂರಿನದೋ ಪಟ್ಟಿಯಲ್ಲಿ ಉಳಿಸಿಕೊಂಡವರಿಗೆ ಅಲ್ಲಿ ಕೈ ಎತ್ತುವ ಹಕ್ಕಿಲ್ಲ. ವಿಳಾಸ ಬದಲಾವಣೆಗೆ ಇರುವುದು ಚುನಾವಣಾ ಆಯೋಗದ ನಮೂನೆ 8. ಅದನ್ನು ಆನ್‌ಲೈನಿನಲ್ಲಿ ತುಂಬಬಹುದು, ಆ ಊರಿನ ಮತಗಟ್ಟೆ ಅಧಿಕಾರಿಯ ಕೈಗೂ ಕೊಡಬಹುದು. ಪಂಚಾಯಿತಿ ಪಟ್ಟಿ ತಯಾರಾಗುವುದು ವಿಧಾನಸಭಾ ಮತದಾರರ ಪಟ್ಟಿಯ ಆಧಾರದ ಮೇಲಾದ್ದರಿಂದ, ಚುನಾವಣೆ ಘೋಷಣೆಯಾಗುವ ಮೊದಲೇ ಈ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು.